ಗೋಸುಂಬೆಗೆ ಕಟ್ಟಿದ ಕಂಬಳಿ

ನಮ್ಮ ಊರಿನಲ್ಲಿ ಯಾರೂ ಯಾರ ಮುಖವನ್ನೂ ಮೊದಲು ನೋಡುವುದಿಲ್ಲ. ಮೊದಲು ನೋಡುವುದು ಮನೆಯ ಮುಂದಿನ ಕಂಬವನ್ನು. ಪ್ರತಿ ಜಗಲಿಯ ಮುಂದೂ ಒಂದು ಕಂಬ, ಕಂಬದ ತುದಿಗೆ ಬಿಗಿದ ಒಣಕೊಂಬೆ, ಕೊಂಬೆಯ ಮೇಲೆ ಆ ಮನೆಯ ಗೋಸುಂಬೆ. ಗೋಸುಂಬೆ ಹಸಿರಾಗಿದ್ದರೆ ಒಳಗೆ ಹೋಗಿ ಕೂತು ಮಜ್ಜಿಗೆ ಕುಡಿಯಬಹುದು. ಕಂದುಬಣ್ಣಕ್ಕೆ ತಿರುಗಿದ್ದರೆ ಹೊಸ್ತಿಲಾಚೆಯೇ ನಿಂತು ಮಾತು ಮುಗಿಸಬೇಕು. ಕಪ್ಪಾಗಿದ್ದರೆ ಆ ದಿನ ಆ ಮನೆಗೆ ಒಲೆ ಹಚ್ಚಲು ಕೆಂಡವನ್ನೂ ಯಾರೂ ಕೊಡುವುದಿಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ಆಮೇಲೆ ನೋಡುತ್ತಾರೆ. ನಾಡಿ ಹಿಡಿಯಲು ಬಂದವರು ನಾಡಿಯನ್ನು ಆಮೇಲೆ ಹಿಡಿಯುತ್ತಾರೆ. ಶಾಲೆಯ ಮೇಷ್ಟ್ರು ಹಾಜರಿ ಕೂಗುವ ಮೊದಲು ಕೂಗುತ್ತಿದ್ದದ್ದು, "ಕಂದು ಮನೆಯೋರು ಯಾರ್ಯಾರು, ಎದ್ದು ಹೊರಗ್ ಕೂತ್ಕೊಳ್ಳಿ" ಎಂದು.

ನಾನು ಹಾಗೆ ಹೊರಗೆ ಕೂತವಳು. ಒಂದು ವರ್ಷ ಪೂರ್ತಿ ಶಾಲೆಯ ಕಿಟಕಿಯ ಕೆಳಗೆ ಕೂತು, ಒಳಗಿನವರು ಓದಿದ್ದನ್ನು ಕೇಳಿಸಿಕೊಂಡೇ ಕಲಿತೆ. ಆ ವರ್ಷ ನಮ್ಮ ಮನೆಯ ಗೋಸುಂಬೆ ಮೊದಲು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು, ಕೊನೆಗೆ ತಾನಾಗಿಯೇ ಕಂಬ ಇಳಿದು ನೆಲ ಕೆರೆಯತೊಡಗಿತು. ನೆಲಕ್ಕಿಳಿದ ಗೋಸುಂಬೆ ಕೆಟ್ಟಿತು ಎಂಬುದು ನಮ್ಮೂರಿನ ಮಾತು. ಕೆಟ್ಟದ್ದನ್ನು ಬುಟ್ಟಿಯಲ್ಲಿ ಒಯ್ದು ಊರಾಚೆಯ ಕಲ್ಲುಗುಂಡಿಗೆ ಎಸೆದು, ಬಿಲ್ವದ ತೋಪಿನಿಂದ ಹೊಸದೊಂದನ್ನು ಹಿಡಿದು ತರುತ್ತಾರೆ. ಗೋಸುಂಬೆ ಬಿಲ್ವದ ತೊಗಟೆಯಿಂದ ಹುಟ್ಟುತ್ತದೆ ಎಂದು ಮೇಷ್ಟ್ರೇ ಪಾಠ ಹೇಳುತ್ತಿದ್ದರು. ಕಿಟಕಿಯ ಕೆಳಗಿನಿಂದ ನಾನೂ ಅದನ್ನು ಬಾಯಿಪಾಠ ಮಾಡಿದ್ದೆ. ನಮ್ಮದನ್ನು ಎಸೆದು ಬಂದ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಇರುವುದು ಕಣ್ಣು ಮಾತ್ರ.

ಅಪ್ಪ ಕೆಂಚಣ್ಣ ಹಗ್ಗ ಹೊಸೆಯುತ್ತಾನೆ. ಅವ್ವ ಸತ್ತ ಮೇಲೆ ಮನೆಯಲ್ಲಿ ನಾವಿಬ್ಬರೇ. ಕತ್ತಾಳೆಯನ್ನು ಬಾನಿಯಲ್ಲಿ ಕೊಳೆಹಾಕುವುದು, ಬಡಿದು ನಾರು ತೆಗೆಯುವುದು, ಬಾಚಿ ಒಣಗಿಸುವುದು ನನ್ನ ಕೆಲಸ. ಹುರಿ ಮಾಡಲು ಉದ್ದ ಜಾಗ ಬೇಕು. ಅದಕ್ಕೇ ನಮ್ಮ ಕಂಬದಿಂದ ಬೀದಿಯ ಕಂಬಗಳಿಗೆಲ್ಲ ಹಗ್ಗ ಎಳೆದು ಕಟ್ಟುವ ಹಕ್ಕು ತಾತನ ಕಾಲದಿಂದ ನಮಗಿದೆ. ಜನ ಬಗ್ಗಿ ಓಡಾಡುತ್ತಾರೆ, ಬೈಯುತ್ತ ಓಡಾಡುತ್ತಾರೆ, ಆದರೆ ಬಿಚ್ಚುವುದಿಲ್ಲ. ಬಾವಿಗೆ ಹಗ್ಗ ಬೇಕಲ್ಲ.

ಎಸೆದದ್ದರ ಬದಲಿಗೆ ನಮ್ಮ ಕಂಬಕ್ಕೆ ಬಂದ ಗೋಸುಂಬೆಗೆ ನಾನು ಮೆಲ್ಲಿ ಎಂದು ಹೆಸರಿಟ್ಟಿದ್ದೆ. ಗೋಸುಂಬೆಗೆ ಹೆಸರಿಡುವ ರೂಢಿ ಊರಿನಲ್ಲಿಲ್ಲ, ಮನೆಬಣ್ಣ ಎನ್ನುತ್ತಾರೆ ಅಷ್ಟೆ. ಒಂದು ಹೆಜ್ಜೆ ಇಡುವ ಮೊದಲು ಇಡಲೋ ಬೇಡವೋ ಎಂದು ಅವಳು ಕಾಲನ್ನು ಗಾಳಿಯಲ್ಲಿ ತೂಗುತ್ತಿದ್ದಳು. ನಾನು ಮಿಡತೆ ಹಿಡಿದು ಬೆರಳ ತುದಿಯಲ್ಲಿ ತೋರಿಸಿದರೆ ನಾಲಿಗೆ ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. ಬೆರಳು ಮಾತ್ರ ಬರಿದಾಗಿರುತ್ತಿತ್ತು. ಬೆಳಿಗ್ಗೆ ಅವಳ ಕೊಂಬೆಗೆ ಎಲೆ ಕಟ್ಟಿ ನೀರು ಚಿಮುಕಿಸುತ್ತಿದ್ದೆ. ಎಲೆಯ ಅಂಚಿನ ಹನಿಯನ್ನು ಅವಳು ಕಣ್ಣು ಅರೆಮುಚ್ಚಿ ಕುಡಿಯುವುದನ್ನು ನೋಡುತ್ತಿದ್ದರೆ ನನ್ನ ಗಂಟಲೂ ತಂಪಾಗುತ್ತಿತ್ತು.

ಎದುರು ಮನೆ ಬಣ್ಣಗಾರ ತಿಬ್ಬಯ್ಯನವರದು. ಬೆಳಿಗ್ಗೆ ಕೋಲು ಹಿಡಿದು ಬೀದಿಯಲ್ಲಿ ನಡೆದು, ಯಾವ ಮನೆಯ ಬಣ್ಣ ಏನು ಹೇಳುತ್ತದೆ ಎಂದು ಕೂಗಿ ಹೇಳುವುದು ಅವರ ಕೆಲಸ. ಅವರ ಕಂಬದ ಗೋಸುಂಬೆ ಗಂಡು, ನೆತ್ತಿಯ ಮೇಲೆ ಎತ್ತರದ ಕಿರೀಟ, ಸದಾ ಎಳೆಬಾಳೆಯ ಹಸಿರು. ಒಂದು ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ್ದಾಗ ಅದು ನಮ್ಮ ಹೊಸ ಹಗ್ಗದ ಮೇಲೆ ತೂಗಾಡುತ್ತ ಬೀದಿ ದಾಟಿ ನಮ್ಮ ಕಂಬಕ್ಕೆ ಬಂತು. ನಾನು ಜಗಲಿಯಲ್ಲಿ ನಾರು ಬಾಚುತ್ತಿದ್ದೆ. ನಾಚಿಕೆಯಾಗಿ ಮುಖ ತಿರುಗಿಸಿಕೊಂಡೆ. ಮತ್ತೆ ನೋಡುವಾಗ ಅದು ಬಂದ ಹಗ್ಗ ಹಿಡಿದು ತನ್ನ ಮನೆಗೆ ಮರಳುತ್ತಿತ್ತು, ಏನೂ ಆಗದವರ ಹಾಗೆ.

ಕೆಲವು ವಾರಗಳಲ್ಲಿ ಮೆಲ್ಲಿಯ ಹೊಟ್ಟೆ ದುಂಡಗಾಯಿತು. ಆಮೇಲೆ ಅದರ ಎರಡು ಪಕ್ಕಗಳಲ್ಲಿ ಉಬ್ಬು ಉಬ್ಬಾಗಿ ಕಾಣತೊಡಗಿತು, ತೆಳು ಬಟ್ಟೆಯ ಚೀಲಕ್ಕೆ ಹುಣಸೆಬೀಜ ತುಂಬಿದ ಹಾಗೆ. ಅವಳ ಹಸಿರು ಮಾಸಿ ಕಪ್ಪಾಯಿತು. ಕಪ್ಪಿನ ಮೇಲೆ ಅರಿಶಿನದ ಚುಕ್ಕಿಗಳು ಎದ್ದವು. ಮಿಡತೆ ತೋರಿಸಿದರೆ ಒಂದು ಕಣ್ಣಿನಿಂದ ನೋಡಿ ಆ ಕಣ್ಣನ್ನೂ ಬೇರೆ ಕಡೆ ತಿರುಗಿಸುತ್ತಿದ್ದಳು.

"ಕೆಂಚಾ, ನಿನ್ ಕಂಬ ನೋಡ್ದಾ?" ಎಂದು ತಿಬ್ಬಯ್ಯ ಬೀದಿಯ ನಡುವೆ ನಿಂತು ಕೂಗಿದರು. "ಕರೀ ಮೈ ಮೇಲೆ ಹಳ್ದಿ ಬಿದ್ದೈತೆ. ಆ ಮನೆ ಏನೋ ಮುಚ್ಚಿಡ್ತೈತೆ ಅಂತ ಅದರ ಅರ್ಥ."

"ನಮ್ ಮನೇಲಿ ಮುಚ್ಚಿಡಾಕೆ ಏನೈತೆ ಯಜಮಾನ್ರೇ? ನಾರೈತೆ, ಹಗ್ಗ ಐತೆ, ಈ ಹುಡ್ಗಿ ಐತೆ" ಎಂದ ಅಪ್ಪ.

"ಅದೇ, ಹುಡ್ಗಿ ಐತಲ್ಲ" ಎಂದು ತಿಬ್ಬಯ್ಯನವರ ಹೆಂಡತಿ ಹೊಂಬಾಳಮ್ಮ ಜಗಲಿಯಿಂದ ಹೇಳಿದರು. ಹಲ್ಲು ಕಡ್ಡಿಯಿಂದ ಕೆದಕುತ್ತ, ಊಟ ಚೆನ್ನಾಗಿತ್ತು ಎನ್ನುವಷ್ಟು ಹಗುರಾಗಿ ಹೇಳಿದರು. ಬೀದಿಯೆಲ್ಲ ನಕ್ಕಿತು. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಕಂಬದ ಮೇಲಿನದು ಹೊಟ್ಟೆ ಹೊತ್ತು ಒದ್ದಾಡುತ್ತಿದೆ, ಇವರು ಅದರ ಮೈಮೇಲೆ ನನ್ನ ಸುದ್ದಿ ಓದುತ್ತಿದ್ದಾರೆ. ಇಷ್ಟು ವರ್ಷ ಬೆಳಿಗ್ಗೆ ಎದ್ದು ಗೋಸುಂಬೆಯನ್ನೇ ನೋಡಿದ ಊರು ಇದು. ಒಬ್ಬರಾದರೂ ಒಂದು ದಿನವಾದರೂ ಗೋಸುಂಬೆಯನ್ನು ನೋಡಿದ್ದರೆ!

ಮಾರನೆಯ ದಿನ ಮೆಲ್ಲಿ ಕಂಬ ಇಳಿದಳು. ನೆಲಕ್ಕೆ ಬಂದು ಜಗಲಿಯ ಕಲ್ಲುಗಳ ಸಂದಿನಲ್ಲಿ ಕೆರೆದಳು. ತಿಬ್ಬಯ್ಯ ಕೋಲಿನ ತುದಿಯಿಂದ ಅವಳನ್ನೆತ್ತಿ ಮತ್ತೆ ಕೊಂಬೆಗೆ ಹತ್ತಿಸಿದರು. ಅವಳು ಮತ್ತೆ ಇಳಿದಳು. ಅವರು ಮತ್ತೆ ಹತ್ತಿಸಿದರು. ಅವಳ ಬಾಲ ಕೋಲಿಗೆ ಸುತ್ತಿಕೊಂಡದ್ದನ್ನು ಬಿಡಿಸುವಾಗ ಅವರು ಎಳೆದ ರೀತಿಗೆ ನಾನು ಹಲ್ಲು ಕಚ್ಚಿಕೊಂಡೆ. ಅವರು ಊಟಕ್ಕೆ ಹೋದ ಹೊತ್ತಿಗೆ ನಾನು ಅವಳನ್ನು ಕೈಗೆತ್ತಿಕೊಂಡೆ. ಅಂಗೈಯಲ್ಲಿ ಹೊಟ್ಟೆ ತಾಗಿತು. ಒಂದೊಂದೂ ಬೇರೆ ಬೇರೆಯಾಗಿ ತಾಗಿತು. ಬೀಜವಲ್ಲ, ಮೊಟ್ಟೆ. ನಮ್ಮ ಕೋಳಿಯೂ ಮೊಟ್ಟೆಗೆ ಬಂದಾಗ ಹೀಗೇ ಮೇವು ಬಿಟ್ಟು ಮೂಲೆ ಹುಡುಕುತ್ತದೆ, ನೋಡಿದರೆ ಎದ್ದು ಹೋಗುತ್ತದೆ. ಇವಳಿಗೆ ಬೇಕಾದದ್ದು ಮಣ್ಣು.

ಆಗ ನನಗೆ ನಾನು ಶಾಲೆ ಬಿಟ್ಟ ವರ್ಷದ ಗೋಸುಂಬೆ ನೆನಪಾಯಿತು. ಅದೂ ಕೆರೆದಿತ್ತು. ಅದರ ಹೊಟ್ಟೆಯೂ ಹೀಗೇ ಉಬ್ಬಿತ್ತು. ಅದಕ್ಕೂ ಮೊದಲು ಅಕ್ಕಪಕ್ಕದ ಮನೆಗಳಿಂದ ಬುಟ್ಟಿಯಲ್ಲಿ ಹೋದವೆಲ್ಲ ನೆನಪಾದವು. ಕೆಟ್ಟವು ಎಂದು ಊರು ಕಲ್ಲುಗುಂಡಿಗೆ ಎಸೆದದ್ದೆಲ್ಲ ತುಂಬಿದ ಬಸುರಿಯರನ್ನು. ಎಸೆದು ಬಂದು ಕಾಲು ತೊಳೆದುಕೊಂಡು ಬೆಲ್ಲ ತಿನ್ನುತ್ತಿದ್ದರು.

ಹಿತ್ತಲಲ್ಲಿ ಕತ್ತಾಳೆ ಕೊಳೆಹಾಕುವ ಹಳೆಯ ಬಾನಿಯೊಂದಿತ್ತು, ಬಾಯಿ ಒಡೆದದ್ದು. ಅದನ್ನು ತೊಳೆದು, ಕೆರೆಯಂಚಿನ ಮರಳಿಗೆ ಹಿತ್ತಲ ಮಣ್ಣು ಬೆರೆಸಿ ಮೊಳದಾಳಕ್ಕೆ ತುಂಬಿದೆ. ನೀರು ಚಿಮುಕಿಸಿ ಕಲಸಿದೆ. ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ಜಿನುಗಬಾರದು. ಒಣಗಿದ್ದರೆ ತೋಡಿದ ಬಿಲ ಅವಳ ಮೇಲೇ ಕುಸಿಯುತ್ತದೆ. ಬಾನಿಯೊಳಗೆ ಒಂದು ಕೊಂಬೆ ಇಳಿಬಿಟ್ಟು ಅವಳನ್ನು ಅದಕ್ಕೆ ಹತ್ತಿಸಿದೆ. ಅವಳು ಇಳಿದು, ಅಲ್ಲೊಂದು ಇಲ್ಲೊಂದು ಕಡೆ ಕೆರೆದು ನೋಡಿ, ಒಂದು ಮೂಲೆ ಹಿಡಿದು ತೋಡತೊಡಗಿದಳು. ಮುಂಗಾಲಿನಲ್ಲಿ ಕೆರೆದು ಹಿಂಗಾಲಿನಲ್ಲಿ ಮಣ್ಣು ನೂಕುತ್ತಿದ್ದಳು. ತಲೆ ಒಳಗೆ ಹೋಯಿತು, ಭುಜ ಒಳಗೆ ಹೋಯಿತು.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ತಲೆಗಳು ಎದ್ದವು. "ಅಗಳೋ, ಮನೆಬಣ್ಣಾನ ಮಣ್ಣಿಗ್ ಹಾಕವ್ಳೆ!" ಎಂದು ಒಬ್ಬಳು ಕೂಗಿದಳು. "ಎಲ್ಲೇ, ಎಲ್ಲೇ? ಸರಿಯೇ ಒಸಿ, ನನಗೂ ಕಾಣ್ಲಿ!" ಮೆಲ್ಲಿಯ ಒಂದು ಕಣ್ಣು ಗುಂಡಿಯೊಳಗಿತ್ತು, ಇನ್ನೊಂದು ಹಿಂದಕ್ಕೆ ತಿರುಗಿ ಗೋಡೆಯನ್ನು ನೋಡಿತು. ಅವಳು ತೋಡುವುದನ್ನು ಬಿಟ್ಟು ಹೊರಗೆ ಬಂದು, ಬಾನಿಯ ಅಂಚಿಗೆ ಮೈ ಒತ್ತಿಕೊಂಡು ಕಪ್ಪಗೆ ಕೂತುಬಿಟ್ಟಳು. ಮಾರನೆಯ ದಿನವೂ ಹಾಗೇ ಆಯಿತು. ಗೋಡೆಯಾಚೆ ಯಾರೂ ಇಲ್ಲದಾಗ ನಾನೇ ಆಸೆಗೆ ಬಗ್ಗಿ ನೋಡಿದೆ. ಅವಳು ನನ್ನನ್ನು ಕಂಡು ನಿಲ್ಲಿಸಿದಳು. ಯಾರ ಕಣ್ಣಾದರೇನು, ಕಣ್ಣು ಬಿದ್ದ ಗುಂಡಿ ಅವಳಿಗೆ ಬೇಡ.

ಅವಳ ಕಣ್ಣುಗೂಡು ಒಳಗೆ ಸೇದಿಕೊಳ್ಳತೊಡಗಿತು. ಮೊಟ್ಟೆ ಇಡಲಾಗದೆ ಹೋದರೆ ಹೊಟ್ಟೆಯಲ್ಲಿಯೇ ಕಟ್ಟಿಕೊಂಡು ಸಾಯುತ್ತಾಳೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಜೆ ತಿಬ್ಬಯ್ಯ ಬಂದು ಬಾನಿಯತ್ತ ಕೋಲು ತೋರಿಸಿ, "ಕೆಟ್ಟೋಯ್ತು ಇದು. ನಾಳೆ ಬೆಳಿಗ್ಗೆ ಬುಟ್ಟಿ ತಕ್ಕೊಂಡ್ ಬತ್ತೀನಿ. ಕೆಂಚಾ, ನೀನು ಹೊತ್ತಾರೆನೇ ತೋಪಿಗೆ ಹೋಗಿ ಬ್ಯಾರೆದು ಹಿಡ್ಕೊಂಬಾ" ಎಂದರು. ಅಪ್ಪ ತಲೆಯಾಡಿಸಿದ. ನಾನು, "ಅಪ್ಪ, ಅವ್ಳು ಮೊಟ್ಟೆ..." ಎಂದೆ. "ಸುಮ್ಕಿರವ್ವ ಈರಾಜಿ, ಈಗ್ಲೇ ಹಗ್ಗ ಕೇಳೋರಿಲ್ಲ" ಎಂದ.

ನಮ್ಮ ಊರಿನಲ್ಲಿ ಕಣ್ಣಿಗೆ ಬಾಗಿಲು ಹಾಕುವ ಶಾಸ್ತ್ರ ಒಂದೇ ಒಂದಿದೆ. ಹೆರಿಗೆಯ ಮನೆಗೆ ಕರಿಕಂಬಳಿ ಕಟ್ಟುತ್ತಾರೆ, ಬಾಗಿಲನ್ನೂ ಕಂಬವನ್ನೂ ಮರೆಮಾಡುವಂತೆ, ಮೇಲೊಂದು ಹಿಡಿ ಬೇವಿನಸೊಪ್ಪು. ಕಂಬಳಿ ಕಟ್ಟಿದ ಮನೆಯ ಬಣ್ಣ ಓದುವಂತಿಲ್ಲ. ಗೋಡೆಯ ಮೇಲಿಂದ ಇಣುಕುವಂತಿಲ್ಲ. ಗಂಡಸರು ಹೊಸ್ತಿಲು ದಾಟುವಂತಿಲ್ಲ, ಮನೆಯ ಯಜಮಾನನೂ ಅಷ್ಟೆ. ಸೂಲಗಿತ್ತಿಯೊಬ್ಬಳು ಮಾತ್ರ ಒಳಗೆ ಹೋಗಬಹುದು. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಅವರ ವಂಶಕ್ಕೆ ಒಳ್ಳೆಯದಲ್ಲ. ಈ ಒಂದು ಮಾತಿಗೆ ಊರು ನಿಜವಾಗಿ ಹೆದರುತ್ತದೆ.

ಬೆಳಿಗ್ಗೆ ಅಪ್ಪ ತೋಪಿಗೆ ಹೋದ ಮೇಲೆ ನಾನು ಅವ್ವನ ಪೆಟ್ಟಿಗೆಯಿಂದ ಕಂಬಳಿ ತೆಗೆದೆ. ನಾನು ಹುಟ್ಟುವಾಗ ಕಟ್ಟಿದ್ದ ಕಂಬಳಿ ಅದು. ಮನೆಯಲ್ಲಿರುವ ಹೆಂಗಸು ನಾನೊಬ್ಬಳೇ, ನನಗೆ ಮದುವೆಯಾಗಿಲ್ಲ, ಊರು ಏನನ್ನುತ್ತದೆ ಎಂದು ನನಗೆ ಗೊತ್ತಿತ್ತು. ತಿಬ್ಬಯ್ಯ ಬುಟ್ಟಿ ಹಿಡಿದು ತಮ್ಮ ಜಗಲಿ ಇಳಿಯುತ್ತಿದ್ದರು. ನಾನು ಗಂಟು ಬಿಗಿದೆ. ಹಗ್ಗದವನ ಮಗಳ ಗಂಟು, ಸುಲಭಕ್ಕೆ ಬಿಚ್ಚುವುದಲ್ಲ.

ಕಂಬಳಿ ಕಂಡು ತಿಬ್ಬಯ್ಯ ಬುಟ್ಟಿ ಕೆಳಗಿಟ್ಟರು. ಆಮೇಲೆ ಮಳೆ ಬಂದ ಹಾಗೆ ಮಾತು ಸುರಿಯಿತು. ನಾನು ಕಂಬಳಿಯ ಈಚೆ ಕೂತು ಕೇಳಿಸಿಕೊಂಡೆ.

"ಅಯ್ಯೋ ಶಿವನೇ, ಈರಾಜಿಗಾ?"

"ಬಾಯಿಲ್ಲ ಬಾಯಿಲ್ಲ ಅಂತಿದ್ರಿ. ಬಾಯಿಲ್ದೋರಿಗೇ ಇಂಥಾವೆಲ್ಲ ಆಗೋದು."

"ಸೀರೆ ಸಡ್ಲವಾಗಿ ಉಡ್ತಿದ್ಲು. ನಾನ್ ಅವತ್ತೇ ಅಂದೆ."

"ಹುಳೀಮಾವಿನಕಾಯಿ ಕಚ್ತಾ ನಿಂತಿದ್ಲು ಕಣೇ, ಕಣ್ಣಾರೆ ನೋಡಿವ್ನಿ!"

ನಾನು ಹುಟ್ಟಿದಾಗಿನಿಂದ ಹುಳಿ ತಿಂದವಳಲ್ಲ, ಹಲ್ಲು ಜುಮ್ಮೆನ್ನುತ್ತದೆ. ನಿನ್ನೆಯವರೆಗೂ ಕಡ್ಡಿಯಂತೆ ಬಾವಿಕಟ್ಟೆಯಲ್ಲಿ ನಿಂತು ನೀರು ಸೇದಿದ ನನ್ನನ್ನು ಎಲ್ಲರೂ ನೋಡಿದ್ದರು. ಒಂದು ಕಂಬಳಿ ಕಂಡ ಕೂಡಲೇ ಅವರೆಲ್ಲರ ಕಣ್ಣಿಗೆ ನನ್ನ ಹೊಟ್ಟೆ ತಿಂಗಳು ತಿಂಗಳಾಗಿ ಹಿಂದಕ್ಕೆ ಬೆಳೆದುಬಿಟ್ಟಿತು. ನೋಡುವುದರಲ್ಲಿ ಎಂಥ ಜಾಣರು!

ಮಧ್ಯಾಹ್ನದ ಹೊತ್ತಿಗೆ ಅಪ್ಪ ಬಂದ. ಕಂಬಳಿಯ ಹತ್ತಿರ ಅವನ ಹೆಜ್ಜೆ ನಿಂತಿತು. "ಈರಾಜಿ."

"ಅಪ್ಪ."

"ಏನವ್ವ ಇದು?"

"ಮೆಲ್ಲಿ ಮೊಟ್ಟೆ ಇಡ್ಬೇಕಪ್ಪ. ಯಾರೂ ನೋಡ್ಬಾರ್ದು."

"ಮೆಲ್ಲಿ ಅಂದ್ರೆ ಯಾರವ್ವ?" ಎಂದ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳುವಷ್ಟರಲ್ಲಿ ಅವನೇ ದನಿ ತಗ್ಗಿಸಿ, "ನಿಜ ಹೇಳ್ಬಿಡು ಮಗ. ಯಾರು ಅವ್ನು?" ಎಂದು ಕೇಳಿದ.

ಊರಿನ ಮಾತೆಲ್ಲ ಕಂಬಳಿಗೆ ಬಡಿದು ಬಿದ್ದಿತ್ತು. ಇದೊಂದು ಒಳಗೆ ಬಂತು. ಒಂದೇ ಸೂರಿನ ಕೆಳಗೆ, ಒಂದೇ ಹಗ್ಗದ ಎರಡು ತುದಿ ಹಿಡಿದು ದಿನವೂ ಎದುರುಬದುರು ನಿಲ್ಲುವ ಅಪ್ಪ ಕೇಳಿದ ಮಾತು. ನಾನು ಗಂಟನ್ನು ಇನ್ನೊಮ್ಮೆ ಬಿಗಿದೆ. ಅವನು ಹೋಗಿ ಎದುರು ಜಗಲಿಯ ಅಂಚಿನಲ್ಲಿ ಕೂತ. ನಮ್ಮ ಬಾಗಿಲನ್ನೇ ನೋಡುತ್ತ ಕೂತವನಿಗೆ ಕಾಲ ಬಳಿ ಬುಟ್ಟಿಯ ಮುಚ್ಚಳ ಸರಿದದ್ದು ತಿಳಿಯಲಿಲ್ಲವಂತೆ. ತೋಪಿನಿಂದ ತಂದ ಹೊಸ ಗೋಸುಂಬೆ ಬೇವಿನ ಮರ ಹತ್ತಿ ಹೋಯಿತು.

ಸೂಲಗಿತ್ತಿ ದುಂಡವ್ವ ಬಿಸಿನೀರಿನ ಚೊಂಬು, ಹಳೆಬಟ್ಟೆ ಹಿಡಿದು ಕಂಬಳಿ ಸರಿಸಿ ಒಳಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟಳು. "ಇಲ್ಲೇನೂ ಇಲ್ವಲ್ಲೇ! ಮತ್ತೆ ನೋವು ಯಾರಿಗೆ?" ಎಂದಳು. ನಾನು ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾನಿ ತೋರಿಸಿದೆ. ದುಂಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ಭುಜ ಕುಣಿಯುವಷ್ಟು. ಆಮೇಲೆ ಮೆಲ್ಲಿಯ ಉಬ್ಬಿದ ಪಕ್ಕೆ, ಗುಳಿಬಿದ್ದ ಕಣ್ಣು ನೋಡಿ ನಗು ನಿಲ್ಲಿಸಿದಳು.

"ಇದರ ವಿಷ್ಯ ನಂಗೊಂದೂ ಗೊತ್ತಿಲ್ಲ ಕಣವ್ವ. ಮನುಷ್ಯರದಾದ್ರೆ ಬೆನ್ನು ಉಜ್ಜಬೋದು. ಇದಕ್ಕೇನು ಮಾಡೋದು?"

"ಏನೂ ಮಾಡ್ಬಾರ್ದು ದುಂಡತ್ತೆ. ನೋಡ್ದೆ ಇರ್ಬೇಕು, ಅಷ್ಟೆ."

"ಅಷ್ಟೇನಾ? ಅದು ಈ ಊರ್ನಲ್ಲಿ ಎಲ್ಲಾದಕ್ಕಿಂತ ಕಷ್ಟದ ಕೆಲ್ಸ" ಎಂದು ಅವಳು ನನ್ನ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು.

ಬಾನಿಗೆ ಬೆನ್ನು ಹಾಕಿ ನಾವಿಬ್ಬರೂ ಕೂತೆವು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಣ್ಣು ಕೆರೆಯುವ ಸದ್ದು ಬಂತು, ಅಕ್ಕಿಯಲ್ಲಿ ಬೆರಳಾಡಿಸಿದ ಹಾಗೆ. ದುಂಡವ್ವ ನನ್ನ ಮೊಣಕೈ ಹಿಸುಕಿದಳು. ತಿರುಗಲಿಲ್ಲ, ಪಾಪ, ಅವಳಿಗೂ ಎಷ್ಟು ಆಸೆಯಿತ್ತೋ! ನಡುವೆ ಒಮ್ಮೆ ಎದ್ದು ಬಾಗಿಲಿಗೆ ಹೋಗಿ, "ಹೆರಿಗೆ ಕಷ್ಟ ಐತೆ. ಗಲಾಟೆ ಮಾಡ್ದೆ ನಿಮ್ ನಿಮ್ ಮನೆಗ್ ಹೋಗ್ರಿ!" ಎಂದು ಗದರಿ ಬಂದಳು. ಸದ್ದು ಆಳಕ್ಕೆ ಇಳಿಯಿತು, ನಿಂತಿತು, ಮತ್ತೆ ಬಂತು. ಸಂಜೆಗೆ ಅದು ಪೂರಾ ನಿಂತಿತು. ಸತ್ತಳೋ, ಇಡುತ್ತಿದ್ದಾಳೋ? ತಿರುಗಿ ನೋಡಿದರೆ ತಿಳಿಯುತ್ತದೆ, ತಿರುಗಿದರೆ ಕೆಡುತ್ತದೆ. ಗೋಡೆಯ ಸುಣ್ಣದ ಬಿರುಕುಗಳನ್ನು ನೋಡುತ್ತ ನಾನು ಅಲ್ಲೇ ಒರಗಿದೆ.

ಬೆಳಗಾಗುವ ಹೊತ್ತಿಗೆ ಹಿಂದೆ ಮತ್ತೆ ಸದ್ದು. ಈ ಸಲ ಕೆರೆಯುವುದಲ್ಲ, ತಟ್ಟುವುದು. ಮೆಲ್ಲಿ ಗುಂಡಿ ಮುಚ್ಚಿ, ಹಿಂಗಾಲಿನಲ್ಲಿ ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದಳು. ಅದು ಮುಗಿದ ಮೇಲೆ ಕೊಂಬೆ ಹತ್ತಿದ ಸಪ್ಪಳ ಕೇಳಿ ನಾವು ತಿರುಗಿದೆವು. ಖಾಲಿ ಚೀಲದಂತೆ ಪಕ್ಕೆಗಳು ಒಳಗೆ ಹೋಗಿದ್ದವು, ಮೂತಿಯೆಲ್ಲ ಮಣ್ಣು. ಎಲೆ ಹಿಡಿದು ನೀರು ಚಿಮುಕಿಸಿದೆ. ಕುಡಿದಳು, ಕುಡಿದಳು, ಕುಡಿಯುತ್ತಲೇ ಇದ್ದಳು. ಹಸಿರು ಮೊದಲು ಕುತ್ತಿಗೆಯಲ್ಲಿ ಕಾಣಿಸಿತು. "ಬಾಣಂತಿ ಕಣೇ" ಎಂದು ದುಂಡವ್ವ ಕಣ್ಣೊರೆಸಿಕೊಂಡಳು.

ನಾನು ಮೆಲ್ಲಿಯನ್ನು ಭುಜದ ಮೇಲಿಟ್ಟುಕೊಂಡು ಹೋಗಿ ಕಂಬಳಿ ಬಿಚ್ಚಿದೆ. ಇಡೀ ಬೀದಿ ನೆರೆದಿತ್ತು. "ಮಗು ಎಲ್ಲಿ?" ಎಂದರು ತಿಬ್ಬಯ್ಯ.

"ಮಗು ಇಲ್ಲ. ಹೆತ್ತೋಳು ಇವ್ಳು. ಮೊಟ್ಟೆ ಮಣ್ಣೊಳಗೆ ಅವೆ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಜನ ನಗತೊಡಗಿದರು. "ಗೋಸುಂಬೆ ಮೊಟ್ಟೆ ಇಡ್ತದಂತೆ! ಇನ್ನೇನು, ಬಿಲ್ವದ ಮರ ಕರು ಹಾಕ್ತದಾ?" ಎಂದು ಯಾರೋ ಕೂಗಿದರು. ದುಂಡವ್ವ ಮುಂದೆ ಬಂದು, "ನಿಜ ಕಣ್ರೋ, ನಾನೇ ಸಾಕ್ಷಿ" ಎಂದಳು. "ನಿನ್ ಕಣ್ಣಿಗ್ ಪೊರೆ ಬಂದು ಎಷ್ಟ್ ದಿನ ಆಯ್ತು ದುಂಡವ್ವ?" ಎಂದರು ಹೊಂಬಾಳಮ್ಮ.

ಆಗ ನನಗೆ ಎಲ್ಲಿಂದ ಬಂತೋ ಬಾಯಿ ಬಂತು. "ಪೊರೆ ದುಂಡತ್ತೆಗಲ್ಲ, ನಿಮಗೆ. ನಿಮ್ ಮನೆ ಗೋಸುಂಬೆನೇ ಹಗ್ಗ ದಾಟಿ ಬಂದಿತ್ತು, ನಾನ್ ನೋಡಿವ್ನಿ. ದಿನಾ ಬೆಳಿಗ್ಗೆ ಇವುಗಳ ಮೈ ನೋಡಿ ಯಾರ್ ಮನೇಲಿ ಸುಳ್ಳೈತೆ, ಯಾರ್ ಮನೇಲಿ ಪಾಪ ಐತೆ ಅಂತೀರಲ್ಲ, ಇದು ಬಸುರಿ ಅಂತ ಒಬ್ರಿಗಾದ್ರೂ ಕಾಣ್ಲಿಲ್ವಾ? ಕಲ್ಲುಗುಂಡಿಗೆ ಎಷ್ಟು ಬಸುರೀರನ್ನ ಎಸೆದ್ರಿ? ಅವು ಮಣ್ಣು ಕೇಳ್ತಿದ್ವು, ನೀವು ಕೋಲಲ್ಲಿ ಎತ್ತಿ ಎತ್ತಿ ಕಂಬಕ್ಕೆ ಹಾಕ್ತಿದ್ರಿ. ಅವು ನಿಮ್ ಬಗ್ಗೆ ಏನೂ ಹೇಳ್ತಿರ್ಲಿಲ್ಲ! ಅವುಕ್ಕೆ ಅವುಗಳದೇ ಸಾಕಾಗಿತ್ತು!"

ತಿಬ್ಬಯ್ಯ ಕೋಲಿನ ಮೇಲೆ ಕೈ ಬದಲಿಸಿ, ಬಹಳ ಮೃದುವಾಗಿ, "ಆಯ್ತವ್ವ. ಹಂಗಾದ್ರೆ ಅಗೆದು ತೋರ್ಸು. ಮೊಟ್ಟೆ ಕಂಡ್ರೆ ನಾನೇ ಎಲ್ಲಾರ್ ಮುಂದೆ ತಪ್ಪಾಯ್ತು ಅಂತೀನಿ. ಕಾಣ್ಲಿಲ್ಲ ಅಂದ್ರೆ ಹೆತ್ತ ಮಗೂನ ಎಲ್ಲಿಟ್ಟೆ ಅಂತ ನೀನು ಹೇಳ್ಬೇಕು" ಎಂದರು.

ಅಪ್ಪ ನನ್ನ ಹತ್ತಿರ ಬಂದ. "ಒಂದೇ ಒಂದು ತೆಗೆದು ತೋರ್ಸವ್ವ. ಒಂದು ಹೋದ್ರೆ ಹೋಗ್ಲಿ. ನಿನ್ ಹೆಸ್ರು ಉಳೀತದೆ."

ಇಟ್ಟ ಮೊಟ್ಟೆಯನ್ನು ಕದಲಿಸಿ ಮೇಲೆ ಕೆಳಗೆ ಮಾಡಿದರೆ ಒಳಗಿನ ಜೀವ ಮುಳುಗಿ ಹೋಗುತ್ತದೆ, ಗೋಡೆಯ ಸಂದಿನ ಹಲ್ಲಿಮೊಟ್ಟೆಯಲ್ಲಿ ಚಿಕ್ಕಂದಿನಲ್ಲೇ ಅದನ್ನು ಕಂಡಿದ್ದೆ. ಒಂದನ್ನು ತೆಗೆಯಲು ಹೋದರೆ ಪಕ್ಕದ್ದು ಕದಲುತ್ತದೆ, ಅದರ ಪಕ್ಕದ್ದೂ ಕದಲುತ್ತದೆ. ಅವಳು ಅಷ್ಟು ಕಷ್ಟಪಟ್ಟು ಯಾರ ಕಣ್ಣೂ ಬೀಳದಂತೆ ಮುಚ್ಚಿ, ತುಳಿದು, ಗಟ್ಟಿ ಮಾಡಿ ಬಂದದ್ದನ್ನು, ಇವರ ಕಣ್ಣಿನ ತೀಟೆಗೆ ನಾನು ಅಗೆದು ಕೊಡಬೇಕು. ಯಾಕೆ ಕೊಡಬೇಕು? ನಾನು ಮಾಡದ ತಪ್ಪನ್ನು ಮಾಡಿಲ್ಲವೆಂದು ತೋರಿಸಲು ಅವಳ ಮಕ್ಕಳೇಕೆ ಸಾಯಬೇಕು?

"ಅಗೆಯಲ್ಲ" ಎಂದೆ.

ಅವತ್ತಿನಿಂದ ನಾನು ಮಗು ಹೆತ್ತು ಮುಚ್ಚಿಟ್ಟವಳು. ಮಗುವಿನ ಸುಳಿವು ಹೇಳುವವರೆಗೆ ನಮ್ಮ ಕಂಬಕ್ಕೆ ಬಣ್ಣವಿಲ್ಲ ಎಂದು ತಿಬ್ಬಯ್ಯ ಕೂಗಿ ಹೇಳಿದರು. ಖಾಲಿ ಕಂಬದ ಮನೆಗೆ ಮುಂಬಾಗಿಲಿನಿಂದ ಯಾರೂ ಬರಲಿಲ್ಲ. ಆದರೆ ಬಾವಿಯ ಹಗ್ಗಕ್ಕೆ ಬಣ್ಣ ಓದಲು ಬರುವುದಿಲ್ಲ, ಅದು ತನ್ನ ಪಾಡಿಗೆ ಸವೆಯುತ್ತದೆ. ಮುಸ್ಸಂಜೆಗೆ ಹಿತ್ತಲ ಬಾಗಿಲು ತಟ್ಟಿ, ಮುಖ ಮುಚ್ಚಿಕೊಂಡು, ಹಗಲೆಲ್ಲ ನನ್ನನ್ನು ಬೈದವರೇ ಹಗ್ಗ ಒಯ್ಯುತ್ತಿದ್ದರು. ಒಯ್ಯುವಾಗ ಬಾನಿಯತ್ತ ಒಂದು ಕಣ್ಣು. ನಾನು ಅದರ ಮೇಲೆ ಈಚಲ ಚಾಪೆ ಮುಚ್ಚಿ, ಅಲ್ಲೇ ಪಕ್ಕದಲ್ಲಿ ಕೂತು ನಾರು ಬಾಚುತ್ತಿದ್ದೆ. ಬಾವಿಕಟ್ಟೆಗೆ ನಾನು ಬಂದರೆ ಕೊಡಗಳು ಎದ್ದು ಹೋಗುತ್ತಿದ್ದವು. ಮೆಲ್ಲಿ ಹಿತ್ತಲ ನುಗ್ಗೆಮರದಲ್ಲಿದ್ದಳು, ಎಳೆಯ ಹಸಿರಾಗಿ. ಅವಳನ್ನು ಓದುವವರಿರಲಿಲ್ಲ.

ಅಪ್ಪ ಮಾತು ಬಿಟ್ಟಿದ್ದ. ಹ್ಞೂಂ, ಉಹ್ಞೂಂ, ಅಷ್ಟೆ. ಬೇಸಿಗೆ ಬಲಿತ ಮೇಲೆ ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ಅವನು ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಚಿನ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು, ನಾರಿನ ಹದ ನೋಡುವಂತೆ ಬೆರಳುಗಳ ನಡುವೆ ಹೊಸೆದು ನೋಡಿದ. "ಒಣಗೈತೆ" ಎಂದ. ಚೊಂಬಿನಿಂದ ನೀರು ತೆಗೆದು ಅಂಚಿನ ಸುತ್ತ ಹನಿ ಹನಿಯಾಗಿ ಬಿಟ್ಟ. ಅಂದು ಅವನು ಕೇಳಿದ ಮಾತು ಇನ್ನೂ ನನ್ನೊಳಗಿತ್ತು, ಈಗಲೂ ಇದೆ. ಆದರೂ ಚಾಪೆಯ ಇನ್ನೊಂದು ತುದಿ ಹಿಡಿದು ಮುಚ್ಚಲು ಸಹಾಯ ಮಾಡಿದೆ.

ಮಳೆಗಾಲದ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಚಾಪೆ ಎತ್ತಿದರೆ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಿಂದ ಒಂದು ತಲೆ. ಭತ್ತದ ಕಾಳಿಗಿಂತ ಒಂದಿಷ್ಟು ದೊಡ್ಡದು, ಎರಡು ಕಣ್ಣು ಎರಡು ಕಡೆಗೆ ತಿರುಗುತ್ತಿದ್ದವು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲು ನನಗೆ ಪುರುಸೊತ್ತಾಗಲಿಲ್ಲ. ಹುಟ್ಟಿದ ಕೂಡಲೇ ಹತ್ತುವುದೊಂದೇ ಅವುಗಳಿಗೆ ಗೊತ್ತಿದ್ದ ವಿದ್ಯೆ. ಬಾನಿ ಹತ್ತಿದವು, ಗೋಡೆ ಹತ್ತಿದವು, ಸೂರಿನ ಮೇಲಿಂದ ನಮ್ಮ ಖಾಲಿ ಕಂಬಕ್ಕೆ ಇಳಿದವು. ಅಲ್ಲಿಂದ ಅಪ್ಪ ಎಳೆದು ಕಟ್ಟಿದ ಹಗ್ಗಗಳ ಮೇಲೆ, ಒಂದೊಂದು ಹೆಜ್ಜೆಗೂ ಇಡಲೋ ಬೇಡವೋ ಎಂದು ತೂಗುತ್ತ, ಬೀದಿಯುದ್ದಕ್ಕೂ ಹೊರಟವು. ಒಂದು ಕಂದು, ಒಂದು ಬೂದು, ಒಂದು ಹಸಿರು; ಒಂದೇ ತಾಯಿಯ ಮಕ್ಕಳು, ಒಂದೇ ಹಗ್ಗದ ಮೇಲೆ. ತಿಬ್ಬಯ್ಯ ಕೋಲು ಹಿಡಿದು ಹೊರಗೆ ಬಂದವರು ಬಾಯಿ ತೆರೆದರು, ಕೂಗಲಿಲ್ಲ. ಯಾವುದು ಯಾವ ಮನೆಯ ಬಣ್ಣ ಎಂದು ಕೂಗುತ್ತಾರೆ?

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಹೊತ್ತು ಏರುವಷ್ಟರಲ್ಲಿ ಹೊಂಬಾಳಮ್ಮ ಮೊರದಲ್ಲಿ ಕೊಬ್ಬರಿ ಬೆಲ್ಲ ಹಿಡಿದು ನಮ್ಮ ಮುಂಬಾಗಿಲಿಗೇ ಬಂದರು, ಹಿಂದೆ ಬೀದಿಯ ಹೆಂಗಸರೆಲ್ಲ. "ನಂಗೊತ್ತಿತ್ತು ಕಣೇ ಈರಾಜಿ. ಇಂಥಾ ಹುಡ್ಗಿ ಅಂಥಾ ಕೆಲ್ಸ ಮಾಡ್ತಾಳಾ ಅಂತ ನಾನು ಅವತ್ತೇ ಅಂದಿದ್ದೆ, ಕೇಳು ಬೇಕಾರೆ" ಎಂದರು. ಹಿಂದಿನವರೆಲ್ಲ ಹೌದು ಹೌದು ಎಂದರು. "ನಮ್ಮನೆ ಗಂಡಿನ ಸಂತಾನ ತಾನೇ ಇವು? ನೀನೇ ಹೇಳಿದ್ಯಲ್ಲ. ಹಸ್ರಾಗಿರೋದ್ ನೋಡಿ ನಮಗೊಂದೆರಡು ಕೊಡವ್ವ."

ಒಂದು ಮರಿ ನನ್ನ ಬೆರಳ ತುದಿಗೆ ಬಾಲ ಸುತ್ತಿಕೊಂಡು ಕೂತಿತ್ತು. ಇಷ್ಟು ದಿನ ನನ್ನ ಹಿಂದೆ ಆಡಿದ ಅಷ್ಟೂ ಬಾಯಿಗಳು ಈಗ ಎದುರಿಗೆ ನಿಂತು ನಗುತ್ತಿದ್ದವು. ನನಗೆ ನಾಚಿಕೆಯಾಗಲಿಲ್ಲ.

"ನಿಮಗ್ಯಾಕಮ್ಮ ಇವು?" ಎಂದೆ. "ತೋಪಿಗ್ ಹೋಗಿ ಬಿಲ್ವದ ತೊಗಟೆ ಕೆತ್ಕೊಳ್ಳಿ. ಅಲ್ಲೇ ಹುಟ್ತವಲ್ಲ."

ಅವ್ವನ ಕಂಬಳಿ ಬಾಗಿಲ ಹಿಂದೆಯೇ ಇತ್ತು. ಅವರು ನೋಡುತ್ತಿರುವಾಗಲೇ ಅದನ್ನು ತೆಗೆದು, ಮೂಲೆ ಮೂಲೆಗೂ ಗಂಟು ಬಿಗಿದು ಬಾಗಿಲಿಗೆ ಅಡ್ಡ ಕಟ್ಟಿದೆ.